ಕೌದಿಯ ಒಳಪದರು

ಅಂದಿನ ಮುಂಜಾನೆಯೂ ನೀರಿನಿಂದಲೇ ಶುರುವಾಯಿತು. ಬಾವಿಯಿಂದ ಸೇದಿದ ಮೊದಲ ಕೊಡ ಅಂಗಳಕ್ಕೆ, ಎರಡನೆಯದು ಹಂಡೆಗೆ, ಆಮೇಲಿನದೆಲ್ಲ ಅಡುಗೆಮನೆಗೆ. ಬೀದರಿನ ಕೆಂಪು ಮಣ್ಣು ಚಳಿಗಾಲದಲ್ಲಿ ನೀರು ಕುಡಿಯಲು ತಡಮಾಡುತ್ತದೆ. ಚಿಮುಕಿಸಿದ ಹನಿಗಳು ಧೂಳಿನ ಮೇಲೆ ಒಂದು ಗಳಿಗೆ ಗುಂಡಗೆ ನಿಂತು, ಆಮೇಲೆ ಇಳಿಯುತ್ತವೆ. ಅದನ್ನು ನೋಡುತ್ತ ನಿಲ್ಲುವುದು ನನಗೊಂದು ಚಟ. ಹಂಡೆಯ ಕೆಳಗೆ ತೊಗರಿ ಕಟ್ಟಿಗೆ ಚಟಪಟ ಅನ್ನುತ್ತಿತ್ತು. ನಮ್ಮವರು ಕಿಟಕಿಯ ಮೊಳೆಗೆ ಕನ್ನಡಿ ತೂಗಹಾಕಿ ಗಡ್ಡ ಮಾಡಿಕೊಳ್ಳುತ್ತಿದ್ದರು. ಬ್ಲೇಡು ಒಂದೇ ಕೆನ್ನೆಯ ಮೇಲೆ ಮತ್ತೆ ಮತ್ತೆ ಹೋಗುತ್ತಿತ್ತು. ಇನ್ನೂ ಅದೇ ಹೆಣ ಅವರ ತಲೆಯಲ್ಲಿದೆ ಎಂದು ನನಗೆ ತಿಳಿಯಿತು.

ನಮ್ಮವರು ಸರಕಾರಿ ದವಾಖಾನೆಯ ಡಾಕ್ಟರು. ಜ್ವರ, ಹೆರಿಗೆ, ಹಾವು ಕಡಿತ ನೋಡುವ ಕೈಯಿಂದಲೇ ಪೊಲೀಸರು ತಂದ ಹೆಣಗಳನ್ನೂ ಕೊಯ್ದು ನೋಡಿ, ಸಾವು ಹೇಗಾಯಿತೆಂದು ಹೇಳಬೇಕಿತ್ತು. ನಾವು ಆಗಷ್ಟೇ ಮೈಸೂರು ರಾಜ್ಯಕ್ಕೆ ಸೇರಿದ್ದೆವು, ಕುಳಿತ ಜಾಗದಿಂದ ಏಳದೆಯೇ. ನಮ್ಮ ಜಿಲ್ಲೆಯ ಕೆಲವು ತಾಲೂಕುಗಳು ಮರಾಠಿಯವರ ಕಡೆ, ಕೆಲವು ತೆಲುಗಿನವರ ಕಡೆ ಹೋಗಿ, ಬೀದರ್, ಭಾಲ್ಕಿ, ಔರಾದ ಈ ಕಡೆ ಉಳಿದಿದ್ದವು. ಕಚೇರಿಯ ಬೋರ್ಡುಗಳ ಮೇಲೆ ಉರ್ದು ಇನ್ನೂ ಇತ್ತು, ಅದರ ಕೆಳಗೆ ಹಸಿ ಬಣ್ಣದ ಕನ್ನಡ. ದವಾಖಾನೆಯಿಂದ ಪರೀಕ್ಷೆಗೆ ಏನಾದರೂ ಕಳಿಸಬೇಕಾದರೆ ಹೈದರಾಬಾದಿಗೆ ಕಳಿಸಬೇಕೋ ಬೆಂಗಳೂರಿಗೋ ಎಂದು ನಮ್ಮವರು ಕೇಳಿದರೆ, ಮೇಲಿನವರು "ಸದ್ಯಕ್ಕೆ ತಡೀರಿ" ಅನ್ನುತ್ತಿದ್ದರು.

ಆ ಹೆಣ ಬಂದದ್ದು ಔರಾದ ತಾಲೂಕಿನಿಂದ, ಠಾಣಾ ಕುಶನೂರಿನ ಹತ್ತಿರದ ಒಂದು ಹಳ್ಳಿಯಿಂದ. ಅಣ್ಣತಮ್ಮಂದಿರಿಬ್ಬರು ಕಾಡುಹಂದಿ ನುಗ್ಗದಂತೆ ಕಾಯಲು ಜೋಳದ ಹೊಲದಲ್ಲಿ ಮಲಗಿದ್ದರು. ಹೊಲದ ನಡುವೆ ನಾಲ್ಕು ಕಂಬ ನೆಟ್ಟು ಕಟ್ಟಿದ ಎತ್ತರದ ಅಟ್ಟ. ಬೆಳಕು ಹರಿಯುವ ಹೊತ್ತಿಗೆ ಅಣ್ಣ ಅಟ್ಟದ ಮೇಲೆ ಗುಂಡು ತಗುಲಿ ಸತ್ತುಬಿದ್ದಿದ್ದ. ಮನೆಯ ಹಳೇ ಬಂದೂಕು ಕೆಳಗೆ ನೆಲದ ಮೇಲಿತ್ತು. ತಾನು ಬಾವಿಗೆ ನೀರು ತರಲು ಹೋಗಿದ್ದಾಗಿ, ಸಪ್ಪಳ ಕೇಳಿ ಓಡಿಬಂದುದಾಗಿ ತಮ್ಮ ಹೇಳಿದ. ಆದರೆ ಯಾವ ಹೊಲಕ್ಕೆ ಮೊದಲು ಕುಂಟೆ ಹೊಡೆಯಬೇಕೆಂದು ಹಿಂದಿನ ದಿನ ಇಬ್ಬರೂ ಜಗಳಾಡಿದ್ದನ್ನು ಊರೇ ಕೇಳಿತ್ತು. ಪೊಲೀಸರು ತಮ್ಮನನ್ನು ಔರಾದದ ಠಾಣೆಯಲ್ಲಿ ಕೂಡಿಹಾಕಿದ್ದರು. ಡಾಕ್ಟರರ ಅಭಿಪ್ರಾಯ ಕೇಳಲು ಫೌಜದಾರರು ಅಂದು ಮಧ್ಯಾಹ್ನ ಬರುವವರಿದ್ದರು. ಆ ಹುಡುಗ ಮನೆಗೆ ಹೋಗುತ್ತಾನೋ ಕೊಲೆಗಾರನಾಗಿ ಕೋರ್ಟಿಗೆ ಹೋಗುತ್ತಾನೋ ಎಂಬುದು ಆ ಅಭಿಪ್ರಾಯದ ಮೇಲೆ ನಿಂತಿತ್ತು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿಯ ಸಿಸ್ಟರುಗಳು ಹೊಲಿಗೆ ಕಲಿಸಿದರು, ಪ್ರಾರ್ಥನೆ ಕಲಿಸಿದರು, ಇಂಗ್ಲಿಷಿನಲ್ಲಿ ಮೆತ್ತಗೆ ಮಾತಾಡುವುದನ್ನು ಕಲಿಸಿದರು. ಹೆಣದ ವಿಷಯ ಹೆಂಗಸರು ಕೇಳಬಹುದೋ ಬಾರದೋ ಎಂದು ಮಾತ್ರ ಹೇಳಿರಲಿಲ್ಲ. ಹೇಳಿರಲಿಲ್ಲವಾದ್ದರಿಂದ ನಾನು ಕೇಳುತ್ತಿದ್ದೆ. ಹೆಣ ನೋಡಿ ಬಂದ ದಿನ ನಮ್ಮವರು ಸ್ನಾನ ಮಾಡಿ, ಊಟ ಬೇಡವೆಂದು ಅಂಗಳದ ಕಟ್ಟೆಯ ಮೇಲೆ ಕುಳಿತಿದ್ದಾಗಲೂ ಕೇಳಿದ್ದೆ.

"ತಾನ ಹೊಡಕೊಂಡದ್ದೋ, ಮಂದಿ ಹೊಡದದ್ದೋ ಹೆಣ ನೋಡಿದ್ರ ಹ್ಯಾಂಗ ಗೊತ್ತಾಗ್ತದ್ರಿ?"

"ನೀ ಅಂಗಳಕ್ಕ ನೀರು ಹೊಡೀತಿಯಲ್ಲ," ಅಂದರು. "ಬಗ್ಗಿ ಚೆಲ್ಲಿದ್ರ ಏನಾಗ್ತದ?"

"ಒಂದ ಕಡಿ ಬೀಳ್ತದ."

"ನಿಂತು ಬೀಸಿದ್ರ?"

"ಹನಿಹನಿ ಆಗಿ ಹರಡ್ತದ."

"ಬಂದೂಕಿನ ಛರ್ರಾನೂ ಅಷ್ಟ."

ಛರ್ರಾ ಎಂದರೆ ಸೀಸದ ಸಣ್ಣ ಕಾಳು. ಹಳ್ಳಿಗಳಲ್ಲಿ ಆಗ ಇದ್ದ ಬಂದೂಕಿಗೆ ಬಾಯಿಯಿಂದಲೇ ಮದ್ದು ಹಾಕಿ, ಚಿಂದಿ ತುರುಕಿ, ಮೇಲೆ ಛರ್ರಾ ಹಾಕಿ ಗಜದಿಂದ ಜಡಿಯುತ್ತಿದ್ದರು. ಹತ್ತಿರದಿಂದ ಹಾರಿದರೆ ಕಾಳೆಲ್ಲ ಒಂದೇ ತೂತಿನಲ್ಲಿ ಹೋಗುತ್ತವೆ, ದೂರದಿಂದ ಹಾರಿದರೆ ಹರಡಿ ಮೈತುಂಬ ಚುಚ್ಚುತ್ತವೆ. ಇನ್ನೊಂದು ಗುರುತು ಮಸಿ. ಬಂದೂಕಿನ ಬಾಯಿ ಮೈಗೆ ತಾಗುವಂತಿದ್ದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ಒಂದು ಗೇಣು ಸರಿದರೆ ಸುಟ್ಟದ್ದು ಕಡಿಮೆ, ಆದರೆ ಉರಿದೂ ಉರಿಯದ ಮದ್ದಿನ ಕಾಳು ಚರ್ಮದೊಳಗೆ ಹೊಕ್ಕು ಹಚ್ಚೆ ಹೊಯ್ದಂತೆ ಚುಕ್ಕೆ ಬೀಳುತ್ತದೆ. ಇನ್ನೂ ದೂರವಾದರೆ ಅದೂ ಇಲ್ಲ. ಒಲೆಯ ಮೇಲಿನ ಹಂಚನ್ನು ಎತ್ತರಿಸಿದಷ್ಟೂ ಅದರ ತಳಕ್ಕೆ ಮಸಿ ಕಡಿಮೆಯಾಗುವುದನ್ನು ದಿನಾ ನೋಡುವ ನನಗೆ ಇದು ಅರ್ಥವಾಗದ್ದೇನಲ್ಲ.

"ಇಂವಂದು ಒಂದ ತೂತು," ಎಂದು ಅವರು ಮುಂದುವರಿಸಿದರು. "ಅಂಚು ಇಲಿ ಕಡದ ರೊಟ್ಟಿ ಇದ್ದಂಗ ಅದ. ಕೆಳಗಿಂದ ಮ್ಯಾಲಕ್ಕ ಹೋಗ್ಯದ. ಆದ್ರ ಮೈಮ್ಯಾಗ ಮಸಿ ಇಲ್ಲ, ಅಂಗಿ ಮ್ಯಾಗೂ ಇಲ್ಲ. ಛರ್ರಾ ಹರಡದಷ್ಟು ಹತ್ರ, ಮಸಿ ಹತ್ತದಷ್ಟು ದೂರ. ಅಂದ್ರ ಅವನ ಕೈಗೆ ನಿಲುಕದ ದೂರ."

"ಅಂದ್ರ?"

"ಅಂದ್ರ ನೆಲದ ಮ್ಯಾಗ ನಿಂತು ಯಾರೋ ಅಟ್ಟದ ಕಡಿ ಹೊಡದಂಗ."

ಆಮೇಲೆ ತಾವೇ ತಮ್ಮೊಳಗೆ ಮಾತಾಡಿಕೊಂಡಂತೆ, "ಆದ್ರ ಆ ಬಂದೂಕು ಭಾಳ ಹೊಲಸ ಬಂದೂಕು. ಅಷ್ಟು ದೂರಿಂದ ಹಾರಿದ್ರೂ ಅಂಗಿಗಿ ಎರಡು ಕಾಳರೆ ಕರೇವು ಹತ್ತಬೇಕಿತ್ತು. ಅಂಗಿ ತೂತು, ರಕ್ತ ಬಿಟ್ರ ಪೆಟ್ಟಿಗ್ಯಾಗಿಂದ ತಗದಂಗ ಅದ," ಅಂದರು. ಆ ಅನುಮಾನದಿಂದಲೇ ಅವರು ಅಭಿಪ್ರಾಯ ಕೊಡದೆ ತಡೆದದ್ದು.

ಇಂಗ್ಲಿಷಿನಲ್ಲಿ ಇಂಥ ಸಾವಿಗೆ ಮೂರು ದೊಡ್ಡ ಶಬ್ದಗಳಿವೆ: ಆ್ಯಕ್ಸಿಡೆಂಟ್, ಸುಯಿಸೈಡ್, ಹೋಮಿಸೈಡ್. ನಮ್ಮ ಹಳ್ಳಿಯವರು ಒಂದೇ ಕ್ರಿಯಾಪದದ ಬಾಲದಲ್ಲಿ ಮೂರನ್ನೂ ಮುಗಿಸುತ್ತಾರೆ. ಬಂದೂಕ ಹಾರ್ತು. ಹಾರಿಸ್ಕೊಂಡ. ಹಾರಿಸಿದ. ಎರಡು ಅಕ್ಷರ ಹೆಚ್ಚುಕಡಿಮೆಯಾದರೆ ಒಬ್ಬನ ಬದುಕೇ ಬೇರೆಯಾಗುತ್ತದೆ. ನಾನು ಆ ದಿನಗಳಲ್ಲಿ ರೊಟ್ಟಿ ತಟ್ಟುತ್ತ ಈ ಮೂರನ್ನೂ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಸತ್ತವನ ಬಾಯಿಯಿಂದ ಇದರಲ್ಲಿ ಯಾವುದು ಬರುತ್ತಿತ್ತೋ.

ಈಗ ಮೌಶಿಯ ಮಾತು ಹೇಳಬೇಕು. ಸತ್ತವನಿಗೂ ಠಾಣೆಯಲ್ಲಿದ್ದವನಿಗೂ ಆಕೆ ತಾಯಿ. ಆಕೆಯ ತವರು ಭಾಲ್ಕಿಯಲ್ಲಿ ನನ್ನ ತವರುಮನೆಯ ಹಿಂದಿನ ಓಣಿ. ನಾನು ಲಂಗ ಹಾಕುತ್ತಿದ್ದ ಕಾಲಕ್ಕೆ ಆಕೆ ತವರಿಗೆ ಬಂದಾಗೆಲ್ಲ ನಮ್ಮ ಪಡಸಾಲೆಯಲ್ಲಿ ಕುಳಿತು ಕೌದಿ ಹೊಲಿದುಕೊಡುತ್ತಿದ್ದಳು. ಚಿಕ್ಕಮ್ಮನನ್ನು ಕರೆಯುವಂತೆ ನಾನು ಆಕೆಯನ್ನು ಮೌಶಿ ಅನ್ನುತ್ತಿದ್ದೆ. ಹಿಂದಿನ ಸಂಜೆ ಆಕೆ ಒಂದು ಗಂಟು ಹೊತ್ತುಕೊಂಡು ನಮ್ಮ ಬಾಗಿಲಿಗೆ ಬಂದು ನಿಂತಾಗ ನಾನು ಗುರುತು ಹಿಡಿದದ್ದು ಮುಖದಿಂದಲ್ಲ, ಸೂಜಿ ಹಿಡಿದೂ ಹಿಡಿದೂ ತುದಿ ಒಡೆದ ಹೆಬ್ಬೆರಳಿನಿಂದ.

ನಮ್ಮವರು ನನ್ನನ್ನು ಒಳಗೆ ಕರೆದು, "ಹಸದು ಬಂದಾಳ, ಊಟಾ ಹಾಕು, ಹಾಸಿಗಿ ಕೊಡು," ಎಂದರು. "ಆದ್ರ ಆ ಮಾತು ನನ್ನ ಮುಂದ ಆಡೂದು ಬ್ಯಾಡ. ನಾಳಿ ಕೋರ್ಟಿನ್ಯಾಗ, ಡಾಕ್ಟರ ಮನ್ಯಾಗ ಉಂಡು ಹೋಗ್ಯಾರ ಅಂತಾರ. ಅದು ಅವರಿಗೇ ತ್ರಾಸು."

ಮೌಶಿ ಕೇಳಲು ಬಂದದ್ದು ಅದನ್ನಲ್ಲ. ಆಕೆ ಔರಾದಕ್ಕೆ ಹೋಗಿ, ಠಾಣೆಯಲ್ಲಿದ್ದ ಮಗನಿಗೆ ಹೊದೆಯಲು ಒಂದು ಕೌದಿ ಕೊಡಲು ನೋಡಿದ್ದಳು. ಬಾಗಿಲಲ್ಲಿದ್ದ ಪೊಲೀಸಪ್ಪ ಸಾಹೇಬರ ಹುಕುಂ ಬೇಕೆಂದು ವಾಪಸು ಕಳಿಸಿದ್ದ. "ಬರೀ ಫರಸಿ ಕಲ್ಲಿನ ಮ್ಯಾಗ ಮಲಗಸ್ಯಾರಂತ ಬಾಯಿ. ಡಾಕ್ಟರ ಸಾಬರು ಒಂದು ಮಾತು ಹೇಳಿದ್ರ ಇದೊಂದು ಕೊಟ್ಟು ಬರ್ತೇನಿ," ಎಂದು ಗಂಟು ಬಿಚ್ಚಿದಳು. ಈಗ ನಾನು ಆಕೆಗೆ 'ಬಾಯಿ', ಡಾಕ್ಟರರ ಮನೆಯ ಅಮ್ಮ. ಒಳಗಿದ್ದ ಕೌದಿ ಇನ್ನೂ ಹಸಿಯಾಗಿತ್ತು. ಒದ್ದೆ ಬಟ್ಟೆಯ ಕಮಟು ವಾಸನೆ ಪಡಸಾಲೆ ತುಂಬಿತು.

ಹೀಗಾಗಿ ಆ ಮುಂಜಾನೆ, ನಮ್ಮವರು ದವಾಖಾನೆಗೆ ಹೋದ ಮೇಲೆ, ಬಿಸಿಲು ಗೋಡೆಗೆ ಬರುವುದನ್ನೇ ಕಾದು ನಾನೂ ಮೌಶಿಯೂ ಆ ಕೌದಿಯನ್ನು ಎರಡು ತುದಿ ಹಿಡಿದು ಕಾಂಪೌಂಡಿನ ಮೇಲೆ ಹರವಿದೆವು. ಹಸಿ ಕೌದಿಯ ಭಾರ ಹೊತ್ತವರಿಗೇ ಗೊತ್ತು. ನಾಲ್ಕೈದು ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ಹೊಲಿದ ಕೌದಿ. ಹೊಲಿಗೆ ಇರುವೆ ನಡೆದಂತೆ ನೇರ. ನಮ್ಮ ಸಿಸ್ಟರೊಬ್ಬರು ಯಾವ ಹೊಲಿಗೆ ಕೊಟ್ಟರೂ ಮೊದಲು ತಿರುವಿ ಹಿಂಬದಿ ನೋಡುತ್ತಿದ್ದರು. ಆ ರೂಢಿ ನನಗೂ ಅಂಟಿದೆ. ಮುಂಬದಿಯಲ್ಲಿ ಮಾಸಿದ ಹಸಿರು ಸೀರೆಯ ಮೇಲೆ ಅಂಗೈ ಅಗಲದ ಹೊಸ ಕೆಂಪು ತೇಪೆ ಕಂಡಿತು. ತಿರುವಿದೆ. ಹಿಂಬದಿಯಲ್ಲಿ ಅದೇ ಜಾಗಕ್ಕೆ ಸರಿಯಾಗಿ ಇನ್ನೊಂದು.

"ಇಷ್ಟು ಗಟ್ಟಿ ಕೌದಿ ಹ್ಯಾಂಗ ಹರೀತು ಮೌಶಿ, ಆರ್‌ಪಾರ್?" ಎಂದು ಕೇಳಿದೆ. ನಿಜ ಹೇಳಬೇಕೆಂದರೆ ಮಾತಿಗೆ ಮಾತು ಎಂದು ಕೇಳಿದ್ದೆ. ಇಲಿ ಕಡಿಯಿತು ಅನ್ನುತ್ತಾಳೆ ಎಂದುಕೊಂಡಿದ್ದೆ.

ಮೌಶಿ ತೇಪೆಯ ಮೇಲೆ ಕೈಯಾಡಿಸಿದಳು. "ಹರೀಲಿಲ್ಲ ಬಾಯಿ. ದೊಡ್ಡಾಂವ ಹೊಚ್ಚಿಕೊಂಡಿದ್ದ."

ನನಗೆ ಕೂಡಲೇ ಹೊಳೆಯಲಿಲ್ಲ. "ಅವತ್ತೇನು?"

"ಅವತ್ತ. ಅಟ್ಟದ ಮ್ಯಾಗ ಥಂಡಿ ಭಾಳ ಇರ್ತದಲ್ಲ, ಹೆಗಲ ಮ್ಯಾಗಿಂದ ಸುತ್ತಿಕೊಂಡ ಕೂಡ್ತಿದ್ದ. ಮಂದಿ ಅಂದ್ರು, ಸತ್ತವರ ಹಾಸಿಗಿ, ಊರ ಹೊರಗ ಚೆಲ್ಲಿ ಬಾ ಅಂತ. ನಾ ಹ್ಯಾಂಗ ಚೆಲ್ಲಲಿ? ಇದ್ರಾಗ ನಮ್ಮವ್ವನ ಸೀರಿ ಅದ, ನನ್ನ ಲಗ್ನದ ಸೀರಿ ಅದ. ಹಳ್ಳಕ್ಕ ಒಯ್ದು ಸವಳ ಮಣ್ಣ ಹಚ್ಚಿ ತಿಕ್ಕಿದೆ. ಕರೇದು ಹತ್ತಿತ್ತು, ರಕ್ತ ಹತ್ತಿತ್ತು, ಎಲ್ಲಾ ಹೋತು. ತೂತಿನ್ಯಾಗ ಗಾಳಿ ಹೋಗ್ತದಂತ ತ್ಯಾಪಿ ಹಾಕಿದೆ. ಅಣ್ಣಂದು ತಮ್ಮಗ. ಅಂವಗರೆ ಬೆಚ್ಚಗ ಆಗ್ಲಿ."

ಕರೇದು ಹತ್ತಿತ್ತು. ಆ ಎರಡು ಶಬ್ದ ಕೇಳಿ ನನ್ನ ಕೈ ಗೋಡೆಯ ಮೇಲೇ ನಿಂತಿತು. ಗೋಡೆಯ ಮೇಲಿನ ಕೌದಿಯಿಂದ ನೀರು ತೊಟ್ಟಿಕ್ಕಿ ನನ್ನ ಪಾದದ ಹತ್ತಿರ ಕೆಂಪು ಮಣ್ಣಿನಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತಿದ್ದವು.

"ಪೊಲೀಸರಿಗಿ ಯಾಕ ಕೊಡಲಿಲ್ಲ ಮೌಶಿ?"

"ಎಲ್ಲಾ ಅರಿವಿ ಕೊಡ್ರಿ ಅಂದ್ರು, ಅರಿವಿ ಕೊಟ್ವಿ. ಅಂಗಿ, ಧೋತರ, ರುಮಾಲ. ಕೌದಿ ಕೇಳಲಿಲ್ಲ."

ಕೌದಿ ಅರಿವೆಯಲ್ಲ. ನಮ್ಮ ಕಡೆಯ ಯಾರನ್ನು ಕೇಳಿದರೂ ಹಾಗೇ ಹೇಳುತ್ತಾರೆ. ಮೈಮೇಲೆ ಹಾಕುವುದು ಅರಿವೆ, ಮಲಗುವಾಗ ಹೊದೆಯುವುದು ಹಾಸಿಗೆ. ಅದನ್ನು ಸುತ್ತಿಕೊಂಡು ಊರೆಲ್ಲ ತಿರುಗಿದರೂ ಕೌದಿ ಹಾಸಿಗೆಯೇ. ಮೌಶಿ ಏನನ್ನೂ ಮುಚ್ಚಿಟ್ಟಿರಲಿಲ್ಲ. ಕೇಳಿದ್ದನ್ನು ಕೊಟ್ಟಿದ್ದಳು. ಕಪ್ಪಾಗಿರಬೇಕಾಗಿದ್ದ ಅಂಗಿ ಯಾಕೆ ಹಸನಾಗಿತ್ತೆಂಬುದು ನನಗೆ ಆಗ ತಿಳಿಯಿತು. ಮಸಿಯನ್ನು ಕೌದಿ ತನ್ನ ಮೇಲೆ ತೆಗೆದುಕೊಂಡಿತ್ತು. ಆ ಮಸಿಯನ್ನು ತಾಯಿ ತೊಳೆದಿದ್ದಳು.

ನಾನು ಆಕೆಯನ್ನು ಕಟ್ಟೆಯ ಮೇಲೆ ಕೂಡಿಸಿ, ನನಗೆ ತಿಳಿದಷ್ಟನ್ನು ತಿಳಿದಂತೆ ಹೇಳಿದೆ. ಬಂದೂಕಿನ ಬಾಯಿ ಹತ್ತಿರವಿದ್ದರೆ ಮಸಿ ಹತ್ತುತ್ತದೆ, ದೂರವಿದ್ದರೆ ಇಲ್ಲ. ಮಸಿ ಇಲ್ಲವೆಂದೇ ನಿನ್ನ ಸಣ್ಣ ಮಗನ ಮೇಲೆ ಅನುಮಾನ ಬಂದಿದೆ. ಆಕೆ ಕೇಳುತ್ತ ಕೇಳುತ್ತ ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ನೋಡತೊಡಗಿದಳು.

"ಹಂಗಾದ್ರ ನಾ ನನ್ನ ಕೈಯಾರೆ ತೊಳದೆನೇನು ಬಾಯಿ?"

"ಎಲ್ಲಾ ಹೋಗಿರಲಿಕ್ಕಿಲ್ಲ ಮೌಶಿ. ಮ್ಯಾಲಿನ ಪದರು ತೊಳದಿ. ಒಳಗಿನ ಪದರು ಯಾರು ತೊಳದಾರು?" ಎಂದೆ. ಕೌದಿ ಒಗೆದ ಯಾವ ಹೆಂಗಸಿಗೂ ಇದು ಗೊತ್ತು. ಎಷ್ಟು ಹಿಂಡಿದರೂ ಒಳಗಿನ ನೀರು ಮಣ್ಣುಬಣ್ಣದ್ದೇ.

ನಾವು ಆ ಹಸಿ ಕೌದಿಯನ್ನು ಬುಟ್ಟಿಯಲ್ಲಿ ಹಾಕಿಕೊಂಡು ದವಾಖಾನೆಗೆ ನಡೆದೆವು. ನಾನು ನಮ್ಮವರ ದವಾಖಾನೆಗೆ ನಡೆದುಹೋದದ್ದು ಅದೇ ಮೊದಲು. ಊಟದ ಡಬ್ಬಿಯನ್ನು ಸಹ ಜವಾನನ ಕೈಯಲ್ಲೇ ಕಳಿಸುತ್ತಿದ್ದೆ. ಫೌಜದಾರರು ಬೇಗನೆ ಬಂದಿದ್ದರು. ಮೈಸೂರಿನ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ, ಇನ್ನೂ ಎಳೆಯ ಮುಖದವರು. ಚಳಿಗೆ ತುಟಿ ಒಡೆದು ವ್ಯಾಸಲಿನ್ ಹಚ್ಚಿಕೊಂಡಿದ್ದರು. ನಮ್ಮವರು ನನ್ನನ್ನು ಕಂಡು ಎದ್ದು ನಿಂತರು, ಮೌಶಿಯನ್ನು ಕಂಡು ಹುಬ್ಬು ಗಂಟಿಕ್ಕಿದರು.

ನಾನು ಒಂದೇ ಉಸಿರಿಗೆ ಹೇಳಿದೆ. "ಸಿಟ್ಟಿಗೇಳಬ್ಯಾಡ್ರಿ. ಅಂಗಿ ಮ್ಯಾಗ ಈ ಕೌದಿ ಇತ್ತಂತ. ಗುಂಡು ಇದ್ರಾಗಿಂದ ಹೋಗ್ಯದ. ಮೌಶಿ ತೊಳದಾಳ."

ನಮ್ಮವರು ಕೌದಿಯನ್ನು ತಿರುವಿ ಎರಡೂ ಬದಿಯ ತೇಪೆ ನೋಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ. "ಹಾಂ," ಅಂದರು, ಅಷ್ಟೇ. ಬೆಳಿಗ್ಗೆಯಿಂದ ಕೆನ್ನೆಯಲ್ಲಿ ಬಿಗಿದಿದ್ದ ಏನೋ ಒಂದು ಸಡಿಲಾದಂತೆ ಕಂಡಿತು.

ಫೌಜದಾರರಿಗೆ ಮಾತ್ರ ತಿಳಿಯಲಿಲ್ಲ. "ಬಟ್ಟೆ ಎಲ್ಲಾ ಆವತ್ತೇ ತಗೊಂಡಿದ್ದೀವಲ್ಲ ಸಾರ್. ಇದೇನಿದು, ರಗ್ಗಾ?"

"ಕೌದಿ ಅದ್ರಿ," ಅಂದಳು ಮೌಶಿ.

"ಕೌದಿ ಅಂದ್ರೆ?"

"ಕೌದಿ ಗೊತ್ತಿಲ್ಲೇನ್ರಿ ಸಾಹೇಬ್ರ? ಥಂಡ್ಯಾಗ ಏನು ಹೊಚ್ಕೊಂಡು ಮಲಗ್ತೀರಿ ಹಂಗಾದ್ರ?" ಮೌಶಿ ನಿಜವಾದ ಆಶ್ಚರ್ಯದಿಂದ ಕೇಳಿದಳು. ಬಾಗಿಲಲ್ಲಿ ನಿಂತಿದ್ದ ಕಂಪೌಂಡರು ನಕ್ಕು, ಕೂಡಲೇ ಕೆಮ್ಮಿದಂತೆ ಮಾಡಿದರು.

"ಎಲ್ಲಾ ಬಟ್ಟೆ ಕೊಡಿ ಅಂತ ಕೇಳಿದ್ನಲ್ಲಮ್ಮಾ?"

"ಅರಿವಿ ಕೇಳಿದ್ರಿ, ಕೊಟ್ವಿ. ಇದು ಹಾಸಿಗಿ ಅದ್ರಿ."

ಫೌಜದಾರರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಅವರ ತಪ್ಪೂ ಇರಲಿಲ್ಲ, ಆಕೆಯ ತಪ್ಪೂ ಇರಲಿಲ್ಲ. ಒಂದೇ ರಾಜ್ಯದವರಾಗಿದ್ದರು, ಒಂದೇ ಭಾಷೆ ಆಡುತ್ತಿದ್ದರು.

ನಮ್ಮವರು ಅವಸರ ಮಾಡಲಿಲ್ಲ. ಎದುರಿನ ಚಹಾದಂಗಡಿಯಿಂದ ಇಬ್ಬರನ್ನು ಪಂಚರಾಗಿ ಕರೆಸಿದರು. ಕೌದಿಯನ್ನು ವರಾಂಡದಲ್ಲಿ, ಬೆಳಕು ಚೆನ್ನಾಗಿ ಬೀಳುವ ಕಡೆ, ಬಿಳೀ ಚಾದರದ ಮೇಲೆ ಹಾಸಿದರು. ಆಮೇಲೆ ಮೌಶಿಯ ಎದುರು ಕುಕ್ಕುರುಗಾಲಲ್ಲಿ ಕುಳಿತರು. ಹಿಂದಿನ ಸಂಜೆ ತಮ್ಮ ಮುಂದೆ ಆಡಬಾರದೆಂದಿದ್ದ ಮಾತನ್ನು ಅವರೇ ಆಡಿದರು.

"ನಿಮಗ ಮುಂಚೆನ ಹೇಳ್ತೇನಿ ಮೌಶಿ. ಇದನ್ನ ಬಿಚ್ಚಿ ನೋಡಬೇಕು. ಒಳಗ ಮಸಿ ಸಿಕ್ರ ಬಂದೂಕು ಅವನ ಮೈಗೆ ಹತ್ತಿದಂಗ ಇತ್ತಂತ ನಾ ಹೇಳಬಹುದು. ಸಿಗಲಿಲ್ಲಂದ್ರ ಈಗ ಇದ್ದದ್ದಕ್ಕಿಂತ ಸಣ್ಣಾಂವಗ ತ್ರಾಸು ಹೆಚ್ಚಾಗ್ತದ. ಸಿಕ್ಕದ್ದನ್ನ ನಾ ಮುಚ್ಚೂದಿಲ್ಲ, ಸಿಗದಿದ್ದನ್ನ ಹುಟ್ಟಸೂದೂ ಇಲ್ಲ. ತಿಳೀತೇನು?"

ಮೌಶಿ ಅವರ ಮುಖ ನೋಡಲಿಲ್ಲ. ಕೌದಿಯನ್ನೇ ನೋಡುತ್ತಿದ್ದಳು. ದವಾಖಾನೆಯ ಬೇವಿನ ಮರದಲ್ಲಿ ಗಿಳಿಗಳು ಗಲಾಟೆ ಮಾಡುತ್ತಿದ್ದವು. ಔಷಧಿಗೆ ಬಂದವರು ದೂರದಲ್ಲಿ ಸಾಲಾಗಿ ನಿಂತು, ಡಾಕ್ಟರು ಯಾಕೆ ನೆಲದ ಮೇಲೆ ಕುಳಿತಿದ್ದಾರೆಂದು ಕತ್ತು ಉದ್ದ ಮಾಡಿ ನೋಡುತ್ತಿದ್ದರು.

"ಸಣ್ಣಾಂವ ಸುಳ್ಳು ಹೇಳೂದಿಲ್ರಿ," ಅಂದಳು ಕೊನೆಗೆ. "ಹೇಳಿದ್ರ ಅವನ ಕಿವಿ ಕೆಂಪಾಗ್ತಾವ. ಅವತ್ತ ಆಗಿರಲಿಲ್ಲ. ಬಿಚ್ಚರಿ."

ಕಂಪೌಂಡರು ಕತ್ತರಿ ತಂದರು. ಮೌಶಿ ಕೈ ಅಡ್ಡ ತಂದಳು. "ಕತ್ರಿ ಬ್ಯಾಡ್ರಿ. ಹೊಲದಾಕಿ ನಾನು, ಎಲ್ಲಿಂದ ಎಳೀಬೇಕು ನನಗ ಗೊತ್ತದ."

ಉಗುರಿನಿಂದ ಗಂಟು ಹುಡುಕಿ, ಹಲ್ಲಿನಿಂದ ಕಚ್ಚಿ, ಎಳೆದಳು. ದಾರ ಒಂದೇ ಎಳೆಯಾಗಿ ಬಂತು. ತೇಪೆ ಬಿಚ್ಚಿತು. ಆಮೇಲೆ ಸಾಲು ಹೊಲಿಗೆ. ನಾನು ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೋದೆ. ಬೇರೆ ಏನು ಮಾಡಬೇಕೋ ತಿಳಿದಿರಲಿಲ್ಲ. ಮೇಲಿನ ಹಸಿರು ಸೀರೆಯನ್ನು ನಮ್ಮವರು ಎರಡು ಚಿಮುಟದಿಂದ ನಿಧಾನವಾಗಿ ಎತ್ತಿದರು.

ಒಳಪದರು ಒಂದು ಕಾಲಕ್ಕೆ ಹಳದಿಯಾಗಿದ್ದ ಇಳಕಲ್ ಸೀರೆ. ಅದರ ಮೇಲೆ ತೂತಿನ ಸುತ್ತ ಕಪ್ಪು ವರ್ತುಲ. ನೀರಿಗೆ ಅಂಚು ಕದಡಿ ಬೂದಿಬಣ್ಣಕ್ಕೆ ತಿರುಗಿತ್ತು, ನಡುವೆ ಮಾತ್ರ ಹಂಚಿನ ತಳದಷ್ಟೇ ಕಪ್ಪು. ತೂತಿನ ಬಾಯಲ್ಲಿ ಎಳೆಗಳು ಹರಿದಿರಲಿಲ್ಲ, ಸುಟ್ಟು ತುದಿ ಮುರುಟಿದ್ದವು. ನಮ್ಮವರು ಬೆರಳು ತಾಗಿಸದೆ, ಭೂತಗನ್ನಡಿ ಹಿಡಿದು ಫೌಜದಾರರಿಗೆ ತೋರಿಸಿದರು. ಎರಡು ಪದರಿನ ನಡುವೆ ಎಳ್ಳಿನಂಥ ಕರೀ ಕಾಳು ಸಿಕ್ಕಿಕೊಂಡಿದ್ದವು.

"ಮದ್ದು," ಅಂದರು. "ಬಂದೂಕಿನ ಬಾಯಿ ಕೌದಿಗೆ ಹತ್ತಿತ್ತು. ನೆಲದ ಮ್ಯಾಗ ನಿಂತಾಂವಗ ಅದು ನಿಲುಕೂದಿಲ್ಲ. ಅಟ್ಟದ ಮ್ಯಾಗ ಕುಂತಾಂವ ಕೆಳಗ ಅಟ್ಟಕ್ಕ ಆನಿಸಿದ್ದ ಬಂದೂಕಿನ ಬಾಯಿ ಬಗ್ಗಿ ಹಿಡದು ಮ್ಯಾಲ ಎಳಕೊಂಡಾನ. ಅದರ ಕುದುರಿ, ಸುತ್ತಿಗಿ ಇದ್ದಂಗ ಇರ್ತದಲ್ಲ, ಅದು ಅಟ್ಟದ ಬಡಿಗಿಗಿ ಸಿಕ್ಕಿರಬೇಕು. ಅಟ್ಟ ನೋಡಿ ಬರ್ರಿ, ತಾಜಾ ಗೀರು ಇದ್ರ ಸಿಗ್ತದ."

"ಅವನೇ ಬೇಕಂತ ಹಾರಿಸ್ಕೊಂಡಿರಬಹುದಲ್ಲ ಸಾರ್?" ಫೌಜದಾರರು ಕೇಳಿದರು.

ಮೌಶಿಯ ಕೈ ನಿಂತಿತು.

"ಇರಬಹುದು. ಮನಸಿನ್ಯಾಗ ಇದ್ದದ್ದು ಹೆಣ ಹೇಳೂದಿಲ್ಲ," ಅಂದರು ನಮ್ಮವರು. "ಆದ್ರ ತನ್ನ ಕೈಯಾರೆ ಹೊಡಕೊಳ್ಳವ್ರು ಬಹಳಮಟ್ಟಿಗೆ ಅರಿವಿ ಸರಿಸಿ, ಬರೀ ಮೈಗೆ ಹಚ್ಚಿ ಹೊಡಕೋತಾರ. ಇಂವ ಇಷ್ಟು ದಪ್ಪ ಕೌದಿ ಸುತ್ತಿಕೊಂಡಾನ. ಗಾಯ ಪಕ್ಕೆಲುಬಿನ ಕೆಳಗ ಅದ, ಓರೆ ಹೋಗ್ಯದ. ಹಾರಿಸ್ಕೊಂಡ ಅನ್ನೂದಕ್ಕಿಂತ ಹಾರ್ತು ಅನ್ನೂದಕ್ಕ ಹೊಂದ್ತದ. ಅಷ್ಟ ನಾ ಹೇಳತೇನಿ. ಅದಕ್ಕಿಂತ ಹೆಚ್ಚಿಗಿ ಹೇಳಿದ್ರ ಸುಳ್ಳು."

ಹಾರ್ತು. ಮೌಶಿ ಆ ಶಬ್ದವನ್ನು ತುಟಿಯಲ್ಲೇ ಒಮ್ಮೆ ಅಂದುಕೊಂಡಳು. ಅಳಲಿಲ್ಲ. ಕಪ್ಪಾದ ಆ ಹಳದಿ ಸೀರೆಯ ಸೆರಗಿನ ತುದಿಯನ್ನು, ಮಸಿ ಇಲ್ಲದ ಕಡೆ, ಎರಡು ಬೆರಳಲ್ಲಿ ಮುಟ್ಟಿ, "ಇದು ನಮ್ಮವ್ವಂದು," ಅಂದಳು.

ಮುಂದೆ ಅಟ್ಟದ ಬಡಿಗೆಯ ಮೇಲೆ ಗೀರು ಸಿಕ್ಕಿತು. ಆ ಬೆಳಗ್ಗೆ ಬಾವಿಯ ಹತ್ತಿರ ಅರ್ಧ ತುಂಬಿದ ಕೊಡ ಹಾಗೇ ಬಿಟ್ಟಿದ್ದನ್ನು ನೋಡಿದ ಒಬ್ಬ ಕುರಿಗಾಹಿಯೂ ಬಂದು ಹೇಳಿದ. ಹುಡುಗನನ್ನು ಬಿಟ್ಟರು. ಅದಕ್ಕೆ ಹಿಡಿದದ್ದು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಕಾಲ, ಏಕೆಂದರೆ ಬಿಚ್ಚಿದ ಕೌದಿಯನ್ನು ಹೈದರಾಬಾದಿಗೆ ಕಳಿಸಬೇಕೋ ಬೆಂಗಳೂರಿಗೋ ಎಂಬುದೇ ಬಹಳ ದಿನ ತೀರ್ಮಾನವಾಗಲಿಲ್ಲ. ಆಮೇಲೂ ನಾನು ನಮ್ಮವರನ್ನು ಕೇಳಿದ್ದೇನೆ, ಮೌಶಿ ಆ ಕೌದಿಯನ್ನು ಊರವರು ಹೇಳಿದಂತೆ ಎಸೆದುಬಿಟ್ಟಿದ್ದರೆ ಏನು ಹೇಳುತ್ತಿದ್ದಿರಿ ಎಂದು. "ಕಂಡದ್ದು ಹೇಳ್ತಿದ್ದೆ," ಅಂದರು. "ಕಂಡದ್ದು ತಪ್ಪಿರ್ತಿತ್ತು." ಒಂದು ಮೈ ತಾನು ಎಷ್ಟು ದೂರದಿಂದ, ಯಾವ ಕಡೆಯಿಂದ ಪೆಟ್ಟು ತಿಂದೆನೆಂದು ಹೇಳಬಲ್ಲದು. ಅದನ್ನು ಯಾರು ಎಷ್ಟು ಬೆಚ್ಚಗೆ ಸುತ್ತಿದ್ದರೆಂದು ಬೇರೆಯವರು ಹೇಳಬೇಕು. ತೊಳೆದವಳೂ ಆಕೆ, ಉಳಿಸಿದವಳೂ ಆಕೆ. ಇದರಲ್ಲಿ ಯಾವುದು ಹೆಚ್ಚೆಂದು ನಾನು ಇಂದಿಗೂ ತೂಗಿ ನೋಡಿಲ್ಲ.

ಅಂದು ಸಂಜೆ ಮೌಶಿ ನಮ್ಮ ಮನೆಯಲ್ಲೇ ಉಳಿದಳು. ಮಗ ಇನ್ನೂ ಠಾಣೆಯಲ್ಲೇ ಇದ್ದ, ಆದರೆ ಫೌಜದಾರರು ಹೋಗುವಾಗ ನಮ್ಮ ಮನೆಯ ಕಂಬಳಿಯೊಂದನ್ನು ತಾವೇ ಜೀಪಿನಲ್ಲಿ ಹಾಕಿಕೊಂಡು ಹೋಗಿದ್ದರು. ಆಕೆ ಅಡುಗೆಮನೆಯ ಬಾಗಿಲಲ್ಲಿ ಕುಳಿತು ನನಗೆ ಮೆಂತ್ಯೆಸೊಪ್ಪು ಸೋಸಿಕೊಡುತ್ತಿದ್ದಳು. ಕೈಗೆ ಏನಾದರೂ ಕೊಡು ಎಂದು ತಾನೇ ಕೇಳಿದ್ದಳು. ಸೋಸಿದ ಎಲೆಗಳಲ್ಲಿ ಎಷ್ಟೋ ದಂಟು ಉಳಿದಿತ್ತು. ನಾನು ನೋಡಿಯೂ ಸುಮ್ಮನಿದ್ದೆ.

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ವಕೀಲರ ಹೆಂಡತಿ ಕಾಂಪೌಂಡಿನ ಆಚೆಯಿಂದ ಕರೆದರು. ಅವರದು ಮನೆಯೊಳಗೆ ಮರಾಠಿ, ಗೋಡೆಗೆ ಬಂದರೆ ಕನ್ನಡ. ಹೆಪ್ಪಿಗೆ ಒಂದಿಷ್ಟು ಮೊಸರು ಬೇಕಾಗಿತ್ತು. ನಾನು ಬಟ್ಟಲು ಕೊಟ್ಟೆ. ಅವರು ತೆಗೆದುಕೊಂಡು ಎರಡು ಹೆಜ್ಜೆ ಹೋಗಿ, ಏನೋ ನೆನಪಾದವರಂತೆ ತಿರುಗಿದರು.

"ವೈನೀ, ಮುಂಜಾನಿ ಗ್ವಾಡಿ ಮ್ಯಾಗ ಕೌದಿ ಹಾಕಿದ್ರಲ್ಲ, ತ್ಯಾಪಿ ಎಷ್ಟು ಛಂದ ಕುಂತಿತ್ತ ನೋಡ್ರಿ! ಯಾರ ಕೈ ಅದು? ನಮ್ಮ ಮಗಳು ಬಾಣಂತನಕ್ಕ ಬರ್ತಾಳ, ಕೂಸಿಗಿ ಒಂದು ಸಣ್ಣಂದು ಹೊಲಸಬೇಕು. ಅಕಿಗಿ ಜರಾ ಕೇಳ್ರಿ, ಸದ್ಯ ಖಾಲಿ ಇದ್ದಾಳೇನಂತ."